ಹ್ಯಾಸ್ಕೆಲ್ ಪ್ರೋಗ್ರಾಮನ್ನು ಸಮಾಂತರವಾಗಿ ಓಡಿಸಲು ರಿಫ್ಯಾಕ್ಟರಿಂಗ್: ಉಪಕರಣಗಳು ಮತ್ತು ಹಂತಗಳು

ಹ್ಯಾಸ್ಕೆಲ್‌ನಂತಹ ಶುದ್ಧ ಫಂಕ್ಷನಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ತಾನಾಗಿಯೇ ಹಲವು ಕೋರ್‌ಗಳಲ್ಲಿ ಓಡುತ್ತದೆ ಎಂಬ ನಿರೀಕ್ಷೆ ಹೊಸಬರಲ್ಲಿ ಸಾಮಾನ್ಯವಾಗಿ ಇರುತ್ತದೆ. ಈ ನಿರೀಕ್ಷೆಗೆ ಕಾರಣವೂ ಇದೆ. ಒಂದು ಫಂಕ್ಷನ್ ತನಗೆ ಕೊಟ್ಟ ಮೌಲ್ಯಗಳನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ಬೇರೇನನ್ನೂ ಬದಲಿಸುವುದಿಲ್ಲ ಎಂದಾದರೆ, ಎರಡು ಫಂಕ್ಷನ್‌ಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಿದರೂ, ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಿದರೂ ಉತ್ತರ ಒಂದೇ. ಆದರೂ ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ಈ ಕೆಲಸವನ್ನು ತಾನಾಗಿ ಮಾಡುವುದಿಲ್ಲ. ಸಮಾಂತರವಾಗಿ ಓಡಬಹುದಾದ ಲೆಕ್ಕಗಳು ಒಂದು ಪ್ರೋಗ್ರಾಂನಲ್ಲಿ ಲಕ್ಷಗಟ್ಟಲೆ ಇರಬಹುದು. ಅವುಗಳಲ್ಲಿ ಬಹುಪಾಲು ಎಷ್ಟು ಚಿಕ್ಕವೆಂದರೆ, ಅವನ್ನು ಇನ್ನೊಂದು ಕೋರ್‌ಗೆ ಒಪ್ಪಿಸುವ ಖರ್ಚೇ ಲೆಕ್ಕದ ಖರ್ಚನ್ನು ಮೀರುತ್ತದೆ. ಯಾವುದನ್ನು ಹಂಚಬೇಕು ಎಂಬ ತೀರ್ಮಾನ ಪ್ರೋಗ್ರಾಂ ಬರೆದವರದೇ ಆಗಿರುತ್ತದೆ, ಆ ತೀರ್ಮಾನವನ್ನು ಕೋಡ್‌ನಲ್ಲಿ ತಪ್ಪಿಲ್ಲದೆ ಜಾರಿಗೆ ತರಲು ರಿಫ್ಯಾಕ್ಟರಿಂಗ್ (ಉತ್ತರ ಬದಲಾಗದಂತೆ ಕೋಡ್‌ನ ಆಕಾರವನ್ನು ಬದಲಿಸುವ) ಉಪಕರಣಗಳು ನೆರವಾಗುತ್ತವೆ.

ಈ ಲೇಖನ ಹ್ಯಾಸ್ಕೆಲ್ ಅನ್ನು ಮುಖ್ಯ ಭಾಷೆಯಾಗಿ ಇಟ್ಟುಕೊಂಡು, ಕೊನೆಯ ಭಾಗದಲ್ಲಿ ಎರ್ಲಾಂಗ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆಯ ಉಪಕರಣಗಳನ್ನೂ ನೋಡುತ್ತದೆ. ಓದುಗರಿಗೆ ಹ್ಯಾಸ್ಕೆಲ್‌ನ ಮ್ಯಾಪ್, ಫೋಲ್ಡ್‌ಗಳ ಪರಿಚಯವಿದೆ, ಜಿಎಚ್‌ಸಿ ಮತ್ತು ಕಬಾಲ್ ತಮ್ಮ ಯಂತ್ರದಲ್ಲಿವೆ ಎಂದು ಭಾವಿಸಲಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಮಾಂತರಗೊಳಿಸುವ ಕೆಲಸದ ಹೆಚ್ಚಿನ ಭಾಗ ಸಮಾಂತರಕ್ಕೆ ಸಂಬಂಧಿಸಿದ ಒಂದು ಪದವೂ ಕೋಡ್‌ಗೆ ಬರುವ ಮೊದಲೇ ಮುಗಿದಿರಬೇಕು. ಆದ್ದರಿಂದ ಇಲ್ಲಿ ಮೂರನೆಯ ಹಂತವೇ ಉದ್ದವಾಗಿದೆ.

ಉದಾಹರಣೆಯಾಗಿ ಹೀಗೊಂದು ಪ್ರೋಗ್ರಾಂ ಇದೆ ಎಂದುಕೊಳ್ಳೋಣ. ಮುದ್ರಿತ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರ) ಮೂಲಕ ಪಡೆದ ಪಠ್ಯಗಳು ಒಂದು ಫೋಲ್ಡರ್‌ನಲ್ಲಿವೆ. ಪ್ರೋಗ್ರಾಂ ಒಂದೊಂದೇ ಕಡತವನ್ನು ತೆರೆದು, ನಿಘಂಟಿನಲ್ಲಿ ಇಲ್ಲದ ಪದಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಅತ್ಯಂತ ಹತ್ತಿರದ ನಿಘಂಟು ಪದವನ್ನು ಎಡಿಟ್ ಡಿಸ್ಟೆನ್ಸ್ (ಒಂದು ಪದವನ್ನು ಇನ್ನೊಂದಾಗಿಸಲು ಬೇಕಾದ ಸಣ್ಣ ತಿದ್ದುಪಡಿಗಳ ಸಂಖ್ಯೆ) ಲೆಕ್ಕದಿಂದ ಸೂಚಿಸಿ, ಕೊನೆಯಲ್ಲಿ ಯಾವ ತಪ್ಪು ಪದ ಒಟ್ಟು ಎಷ್ಟು ಸಲ ಬಂದಿದೆ ಎಂಬ ವರದಿಯನ್ನು ಬರೆಯುತ್ತದೆ. ಇದನ್ನು ಬರೆದವರು, ಹೆಚ್ಚಿನವರು ಬರೆಯುವಂತೆಯೇ, ಕಡತಗಳ ಪಟ್ಟಿಯ ಮೇಲೆ ಒಂದು ದೊಡ್ಡ ಫೋಲ್ಡ್ ಓಡಿಸಿ, ಓದುವುದು, ಪರಿಶೀಲಿಸುವುದು, ಎಣಿಕೆಯನ್ನು ಕೂಡಿಸುವುದು ಎಲ್ಲವನ್ನೂ ಅದರೊಳಗೇ ತುಂಬಿದ್ದಾರೆ.

ಮೊದಲ ಹಂತ: ಉಪಕರಣಗಳನ್ನು ಗೊತ್ತುಮಾಡಿಕೊಳ್ಳುವುದು

ಫಂಕ್ಷನಲ್ ಪ್ರೋಗ್ರಾಂಗಳನ್ನು ಅರ್ಥ ಕೆಡದಂತೆ ರೂಪಾಂತರಿಸುವ ವಿಚಾರ ಹಳೆಯದು. 1977ರಲ್ಲಿ ಬರ್ಸ್ಟಲ್ ಮತ್ತು ಡಾರ್ಲಿಂಗ್ಟನ್ ಮಂಡಿಸಿದ ಫೋಲ್ಡ್–ಅನ್‌ಫೋಲ್ಡ್ ವಿಧಾನದಲ್ಲಿ ಒಂದು ಫಂಕ್ಷನ್‌ನ ಹೆಸರಿನ ಜಾಗದಲ್ಲಿ ಅದರ ವ್ಯಾಖ್ಯೆಯನ್ನು ಇಡುವುದು (ಅನ್‌ಫೋಲ್ಡ್), ವ್ಯಾಖ್ಯೆಯ ಜಾಗದಲ್ಲಿ ಹೆಸರನ್ನು ಇಡುವುದು (ಫೋಲ್ಡ್; ಇದು ಪಟ್ಟಿಯ ಮೇಲಿನ ಫೋಲ್ಡ್ ಅಲ್ಲ) ಎಂಬ ಎರಡು ಸರಳ ನಡೆಗಳಿಂದಲೇ ಪ್ರೋಗ್ರಾಮನ್ನು ಹಂತ ಹಂತವಾಗಿ ಬೇರೆ ಆಕಾರಕ್ಕೆ ತರಲಾಗುತ್ತಿತ್ತು. ಹ್ಯಾಸ್ಕೆಲ್‌ಗೆ ಇಂಥ ಉಪಕರಣವನ್ನು ಮೊದಲು ವ್ಯವಸ್ಥಿತವಾಗಿ ಕಟ್ಟಿದ್ದು ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಸೈಮನ್ ಥಾಂಪ್ಸನ್ ಅವರ ತಂಡ. ಉಪಕರಣದ ಹೆಸರು ಹೇರ್. ಮುಂದೆ ಕ್ರಿಸ್ಟೋಫರ್ ಬ್ರೌನ್, ಹಾನ್ಸ್-ವೋಲ್ಫ್‌ಗಾಂಗ್ ಲೊಯ್ಡ್ಲ್ ಮತ್ತು ಕೆವಿನ್ ಹ್ಯಾಮಂಡ್ ಅವರು ಹೇರ್‌ನ ಮೇಲೆಯೇ ಪ್ಯಾರಾಫಾರ್ಮಿಂಗ್ ಎಂಬ ಹೆಸರಿನಲ್ಲಿ ಸಮಾಂತರಕ್ಕೆ ಬೇಕಾದ ರಿಫ್ಯಾಕ್ಟರಿಂಗ್‌ಗಳನ್ನು ಸೇರಿಸಿದರು. ಆ ವಿಚಾರಗಳು ಇಂದಿಗೂ ಉಪಯುಕ್ತ. ಆದರೆ ಹೇರ್ ಹೊಸ ಜಿಎಚ್‌ಸಿ ಆವೃತ್ತಿಗಳ ಜೊತೆ ಹೆಜ್ಜೆ ಹಾಕಲಿಲ್ಲವಾದ್ದರಿಂದ ಇಂದಿನ ಪ್ರಾಜೆಕ್ಟ್‌ನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇಂದು ಅದೇ ಕೆಲಸವನ್ನು ಹಲವು ಸಣ್ಣ ಉಪಕರಣಗಳಿಂದ ಮಾಡಿಕೊಳ್ಳಬೇಕಾಗುತ್ತದೆ. ಹೆಸರು ಬದಲಿಸಲು ಮತ್ತು ಒಂದು ಫಂಕ್ಷನ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಹುಡುಕಲು ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್ ಇದೆ. ಒಂದು ಸಮೀಕರಣವನ್ನು ಕೊಟ್ಟರೆ, ಅದರ ಎಡಬದಿಗೆ ಹೊಂದುವ ಕೋಡನ್ನೆಲ್ಲ ಬಲಬದಿಯ ರೂಪಕ್ಕೆ ತಿರುಗಿಸುವ ಕೆಲಸವನ್ನು ಫೇಸ್‌ಬುಕ್‌ನಲ್ಲಿ ರೂಪುಗೊಂಡ ರಿಟ್ರೈ ಮಾಡುತ್ತದೆ. ಫೋಲ್ಡ್ ಮತ್ತು ಅನ್‌ಫೋಲ್ಡ್ ಎರಡೂ ಅದರಲ್ಲಿವೆ, ಕಾಮೆಂಟ್‌ಗಳೂ ಸಾಲುಗಳ ವಿನ್ಯಾಸವೂ ಕೆಡುವುದಿಲ್ಲ. ಎಚ್‌ಲಿಂಟ್ ಕೋಡನ್ನು ಸರಳಗೊಳಿಸಲು ಸಲಹೆ ಕೊಡುತ್ತದೆ. ಉದಾಹರಣೆಗೆ, ಕೈಯಾರೆ ಬರೆದ ಕೆಲವು ರಿಕರ್ಶನ್‌ಗಳನ್ನು ಗುರುತಿಸಿ ಇವು ಮ್ಯಾಪ್ ಅಥವಾ ಫೋಲ್ಡ್ ಆಗಬಹುದು ಎಂದು ತಿಳಿಸುತ್ತದೆ. ಇವುಗಳ ಜೊತೆಗೆ ಪರೀಕ್ಷೆಗೆ ಕ್ವಿಕ್‌ಚೆಕ್, ವೇಗ ಅಳೆಯಲು ಕ್ರೈಟೀರಿಯನ್, ಓಟದ ಚಿತ್ರಣಕ್ಕೆ ಥ್ರೆಡ್‌ಸ್ಕೋಪ್, ಸಮಾಂತರ ಓಟಕ್ಕೆ ಪ್ಯಾರಲಲ್ ಎಂಬ ಪ್ಯಾಕೇಜು ಬೇಕು. ರಿಫ್ಯಾಕ್ಟರಿಂಗ್ ಉಪಕರಣಗಳ ಪಟ್ಟಿಯಲ್ಲಿ ಅಳೆಯುವ ಉಪಕರಣಗಳನ್ನೂ ಸೇರಿಸಿರುವುದಕ್ಕೆ ಕಾರಣವಿದೆ: ಈ ಕೆಲಸದಲ್ಲಿ ಅಳತೆಯಿಲ್ಲದೆ ಮಾಡಿದ ಬದಲಾವಣೆ ಪ್ರೋಗ್ರಾಮನ್ನು ನಿಧಾನಗೊಳಿಸುವ ಸಾಧ್ಯತೆಯೇ ಹೆಚ್ಚು.

ಎರಡನೆಯ ಹಂತ: ಹಳೆಯದನ್ನು ಕಾಯ್ದಿಟ್ಟು ಅಳೆಯುವುದು

ಈಗ ಓಡುತ್ತಿರುವ ಪ್ರೋಗ್ರಾಂ ನಿಧಾನವಾಗಿದ್ದರೂ ಅದು ಕೊಡುವ ಉತ್ತರ ಸರಿಯಾಗಿದೆ. ಆದ್ದರಿಂದ ಅದರ ಮುಖ್ಯ ಫಂಕ್ಷನನ್ನು ಬೇರೆ ಮಾಡ್ಯೂಲ್‌ಗೆ ನಕಲು ಮಾಡಿ, ಅದನ್ನು ಮುಟ್ಟದೆ ಇಟ್ಟುಕೊಳ್ಳಬೇಕು. ಕೋಯೆನ್ ಕ್ಲೇಸನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್, ಒಂದು ಗುಣವನ್ನು ಹೇಳಿಕೊಟ್ಟರೆ ಯಾದೃಚ್ಛಿಕ ಮಾಹಿತಿಯನ್ನು ತಾನೇ ಸೃಷ್ಟಿಸಿ ಅದನ್ನು ಪರೀಕ್ಷಿಸುತ್ತದೆ. ಇಲ್ಲಿ ಬರೆಯಬೇಕಾದ ಗುಣ ಒಂದೇ: ಯಾವುದೇ ಪಠ್ಯಗಳ ಪಟ್ಟಿಗೆ ಹಳೆಯ ಫಂಕ್ಷನ್ ಕೊಡುವ ವರದಿಯೂ ಹೊಸ ಫಂಕ್ಷನ್ ಕೊಡುವ ವರದಿಯೂ ಸಮನಾಗಿರಬೇಕು. ಖಾಲಿ ಪಟ್ಟಿ, ಒಂದೇ ಪದವಿರುವ ಪಠ್ಯ, ಒಂದೇ ತಪ್ಪು ಹಲವು ಪಠ್ಯಗಳಲ್ಲಿ ಬರುವ ಸಂದರ್ಭ ಇವು ಆ ಪರೀಕ್ಷೆಯೊಳಗೆ ಬರುವಂತೆ ಜನರೇಟರ್ ಬರೆಯಬೇಕು. ಪದಗಳನ್ನು ಕೆಲವೇ ಅಕ್ಷರಗಳಿಂದ ಸೃಷ್ಟಿಸಿದರೆ ಪುನರಾವರ್ತನೆ ತಾನಾಗಿ ಬರುತ್ತದೆ. ಇಡೀ ಯೂನಿಕೋಡ್‌ನಿಂದ ಆರಿಸಿದರೆ ಎರಡು ಪದಗಳು ಒಂದೇ ಆಗುವುದೇ ಅಪರೂಪ, ಆಗ ಎಣಿಕೆ ಕೂಡಿಸುವ ಭಾಗ ಪರೀಕ್ಷೆಗೆ ಒಳಗಾಗುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ಕನ್ನಡದ ‘ಕ್ಷ’ ಯೂನಿಕೋಡ್‌ನಲ್ಲಿ ಮೂರು ಕೋಡ್‌ಪಾಯಿಂಟ್‌ಗಳು, ಅಂದರೆ ಮೂರು ಸಂಕೇತ ಸಂಖ್ಯೆಗಳು. ಎಡಿಟ್ ಡಿಸ್ಟೆನ್ಸ್ ಲೆಕ್ಕವನ್ನು ಕೋಡ್‌ಪಾಯಿಂಟ್‌ಗಳ ಮೇಲೆ ಮಾಡುವ ಬದಲು ಅಕ್ಷರಗಳ ಮೇಲೆ ಮಾಡಿದರೆ ಸಲಹೆಗಳ ಗುಣಮಟ್ಟ ಹೆಚ್ಚಬಹುದು ಎಂದು ಕೋಡ್ ಓದುವಾಗ ಯಾರಿಗಾದರೂ ಹೊಳೆಯುತ್ತದೆ. ವಿಚಾರ ಸರಿಯೇ. ಆದರೆ ಅದು ಉತ್ತರವನ್ನು ಬದಲಿಸುವ ಬದಲಾವಣೆ, ರಿಫ್ಯಾಕ್ಟರಿಂಗ್ ಅಲ್ಲ. ಅದನ್ನು ಈಗಲೇ ಸೇರಿಸಿದರೆ ಹಳೆಯ ಮತ್ತು ಹೊಸ ವರದಿಗಳನ್ನು ಹೋಲಿಸುವ ಪರೀಕ್ಷೆಯೇ ನಿರುಪಯುಕ್ತವಾಗುತ್ತದೆ. ಬೇರೆ ದಿನಕ್ಕೆ, ಬೇರೆ ಕಮಿಟ್‌ಗೆ ಬಿಡುವುದು ಲೇಸು.

ಬಳಿಕ ಪ್ರೊಫೈಲ್ ಮಾಡಬೇಕು. ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದ ಪ್ರೋಗ್ರಾಂನ ಅಳತೆಗೆ ಬೆಲೆಯಿಲ್ಲ, ಆದ್ದರಿಂದ ಓ2 ಆಯ್ಕೆಯೊಂದಿಗೇ ಪ್ರೊಫೈಲ್ ಆವೃತ್ತಿಯನ್ನು ಕಟ್ಟಿ, ನಿಜವಾದ ಕಡತಗಳ ಮೇಲೆ ಓಡಿಸಿ, ಯಾವ ಫಂಕ್ಷನ್ ಎಷ್ಟು ಶೇಕಡಾ ಸಮಯ ತೆಗೆದುಕೊಂಡಿದೆ ಎಂದು ನೋಡಬೇಕು. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಸಮಯದ ಶೇ 90 ಭಾಗ ಪದಗಳ ಪರಿಶೀಲನೆಗೆ, ಶೇ 10 ಭಾಗ ಕಡತ ಓದುವುದಕ್ಕೆ ಮತ್ತು ವರದಿ ಕೂಡಿಸುವುದಕ್ಕೆ ಹೋಗುತ್ತಿದೆ ಎಂದಿಟ್ಟುಕೊಂಡರೆ, 8 ಕೋರ್‌ಗಳಲ್ಲಿ ಸಿಗಬಹುದಾದ ಗರಿಷ್ಠ ವೇಗವೃದ್ಧಿ ಸುಮಾರು 4.7 ಪಟ್ಟು, ಕೋರ್‌ಗಳು ಎಷ್ಟೇ ಇದ್ದರೂ 10 ಪಟ್ಟನ್ನು ಮೀರುವಂತಿಲ್ಲ. ಈ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಹಾಕಿಟ್ಟುಕೊಂಡರೆ, ಮುಂದೆ 4 ಪಟ್ಟು ಸಿಕ್ಕಾಗ ಇನ್ನೂ ಎಲ್ಲಿ ಕೊರತೆಯಿದೆ ಎಂದು ವೃಥಾ ಹುಡುಕುವುದು ತಪ್ಪುತ್ತದೆ. ಜೊತೆಗೆ, ನಿಘಂಟಿನಲ್ಲಿ ಹುಡುಕಲು ಲಿಸ್ಟ್ ಬಳಸಿದ್ದಾರೆ, ಅದನ್ನು ಸೆಟ್ ಮಾಡಿದರೆ ಸಾಕು ಎಂಬಂತಹ ಸುಲಭದ ಪರಿಹಾರಗಳೂ ಪ್ರೊಫೈಲ್‌ನಲ್ಲಿಯೇ ಕಾಣುತ್ತವೆ. ಅಂಥದ್ದನ್ನು ಮೊದಲು ಮಾಡಬೇಕು. ಕೆಟ್ಟ ಅಲ್ಗಾರಿದಮ್ ಅನ್ನು ಎಂಟು ಕೋರ್‌ಗಳಿಗೆ ಹಂಚುವುದು ವಿದ್ಯುತ್ತನ್ನು ಪೋಲು ಮಾಡುವ ವಿಧಾನವಷ್ಟೇ.

ಮೂರನೆಯ ಹಂತ: ಹಂಚಲು ಬರುವಂತಹ ಆಕಾರಕ್ಕೆ ತರುವುದು

ನಮ್ಮ ಉದಾಹರಣೆಯ ದೊಡ್ಡ ಫೋಲ್ಡ್ ಇದ್ದ ಹಾಗೆಯೇ ಸಮಾಂತರವಾಗಲಾರದು. ಪ್ರತಿ ಸುತ್ತೂ ಹಿಂದಿನ ಸುತ್ತಿನಿಂದ ಬಂದ ಎಣಿಕೆಯನ್ನು ಕೈಗೆತ್ತಿಕೊಂಡು ಆರಂಭವಾಗುತ್ತದೆ, ಆದ್ದರಿಂದ ಎರಡನೆಯ ಕಡತ ಮೊದಲನೆಯದಕ್ಕಾಗಿ ಕಾಯಲೇಬೇಕು. ಆದರೆ ಸೂಕ್ಷ್ಮವಾಗಿ ನೋಡಿದರೆ ಎರಡನೆಯ ಕಡತದ ಪರಿಶೀಲನೆಗೆ ಮೊದಲನೆಯದರ ಎಣಿಕೆ ಬೇಕಾಗಿಯೇ ಇಲ್ಲ. ಕೂಡಿಸುವಾಗ ಮಾತ್ರ ಅದು ಬೇಕು. ಬೇಕಾಗಿರುವ ಅವಲಂಬನೆಯನ್ನು ಬೇಡದ ಅವಲಂಬನೆಯಿಂದ ಬಿಡಿಸುವುದೇ ಈ ಹಂತದ ಕೆಲಸ, ಇದನ್ನು ನಾಲ್ಕು ಸಣ್ಣ ಬದಲಾವಣೆಗಳಲ್ಲಿ ಮಾಡಬಹುದು. ಪ್ರತಿ ಬದಲಾವಣೆಯ ಬಳಿಕ ಕ್ವಿಕ್‌ಚೆಕ್ ಓಡಿಸಿ ಕಮಿಟ್ ಮಾಡಬೇಕು.

ಮೊದಲನೆಯದಾಗಿ, ಐಓ ಅನ್ನು, ಅಂದರೆ ಕಡತ ಓದುವ ಬರೆಯುವ ಕೆಲಸವನ್ನು, ಹೊರಗೆ ತರಬೇಕು. ಕಡತಗಳನ್ನು ಓದುವ ಭಾಗ ಮುಂದೆ, ವರದಿ ಬರೆಯುವ ಭಾಗ ಹಿಂದೆ, ನಡುವೆ ಪಠ್ಯಗಳ ಪಟ್ಟಿಯನ್ನು ತೆಗೆದುಕೊಂಡು ವರದಿಯನ್ನು ಕೊಡುವ ಶುದ್ಧ ಫಂಕ್ಷನ್ ಇರಬೇಕು. ಇಲ್ಲಿ ಹ್ಯಾಸ್ಕೆಲ್‌ನ ಹಳೆಯ ಲೇಜಿ (ಬೇಕಾದಾಗ ಮಾತ್ರ ಕೆಲಸ ಮಾಡುವ) ರೀಡ್‌ಫೈಲ್ ಒಂದು ಬಲೆಯಿದ್ದಂತೆ: ಕಡತ ಓದಿ ಮುಗಿದಿದೆ ಎಂದು ಕೋಡ್ ನೋಡಿದವರಿಗೆ ಅನ್ನಿಸಿದರೂ, ಓದುವ ಕೆಲಸ ಮುಂದೆ ಯಾವಾಗಲೋ, ಪರಿಶೀಲನೆಯ ನಡುವೆ ನಡೆಯುತ್ತದೆ. ಟೆಕ್ಸ್ಟ್ ಪ್ಯಾಕೇಜಿನ ಲೇಜಿಯಲ್ಲದ ಓದುವ ಫಂಕ್ಷನ್‌ಗೆ ಬದಲಿಸಿಕೊಂಡರೆ ಈ ಗೊಂದಲ ಇರುವುದಿಲ್ಲ. ಕಡತಗಳೆಲ್ಲ ಒಟ್ಟಿಗೆ ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡದಾಗಿದ್ದರೆ ಕೆಲವು ಕಡತಗಳ ಗುಂಪುಗಳಾಗಿ ಓದಬೇಕಾಗುತ್ತದೆ.

ಎರಡನೆಯದು ಮುಖ್ಯವಾದದ್ದು. ಫೋಲ್ಡ್‌ನ ಒಳಗಿನ ಫಂಕ್ಷನನ್ನು ಎರಡಾಗಿ ಸೀಳಬೇಕು: ಒಂದು ಪಠ್ಯವನ್ನು ತೆಗೆದುಕೊಂಡು ಅದರ ಸ್ವಂತ ಎಣಿಕೆಯನ್ನು ಕೊಡುವ ‘ಪರಿಶೀಲನೆ’, ಮತ್ತು ಎರಡು ಎಣಿಕೆಗಳನ್ನು ಸೇರಿಸಿ ಒಂದು ಮಾಡುವ ‘ಕೂಡಿಕೆ’. ಆಗ ಹಳೆಯ ಫೋಲ್ಡ್ ಪಠ್ಯಗಳ ಮೇಲೆ ಮ್ಯಾಪ್, ಅದರ ಫಲಿತಾಂಶಗಳ ಮೇಲೆ ಫೋಲ್ಡ್ ಎಂಬ ಎರಡು ಸಾಲುಗಳಾಗುತ್ತದೆ. ಈ ಸೀಳುವಿಕೆಯನ್ನು ಯಾವ ಉಪಕರಣವೂ ಗುಂಡಿ ಒತ್ತಿದೊಡನೆ ಮಾಡಿಕೊಡುವುದಿಲ್ಲ. ಹೊಸ ಫಂಕ್ಷನ್‌ಗಳನ್ನು ಕೈಯಾರೆ ಬರೆಯಲೇಬೇಕು. ಆದರೆ ಬರೆದ ಮೇಲೆ, ಅದೇ ಮಾದರಿಯ ಕೋಡ್ ಪ್ರಾಜೆಕ್ಟ್‌ನ ಬೇರೆ ಕಡೆಗಳಲ್ಲಿಯೂ ಇದ್ದರೆ, ರಿಟ್ರೈಯ ಫೋಲ್ಡ್ ನಡೆಯನ್ನು ಬಳಸಿ ‘ಪರಿಶೀಲನೆ’ಯ ವ್ಯಾಖ್ಯೆಗೆ ಹೊಂದುವ ಜಾಗಗಳಲ್ಲೆಲ್ಲ ಅದರ ಹೆಸರನ್ನು ತರಬಹುದು. ಕಣ್ಣಿನಿಂದ ಹುಡುಕುವಾಗ ತಪ್ಪಿಹೋಗುವ ಜಾಗಗಳು ಇದರಿಂದ ಸಿಗುತ್ತವೆ.

ಸೀಳಲು ಬಾರದ ಸಂದರ್ಭಗಳೂ ಇವೆ. ಹಿಂದಿನ ಕಡತದಲ್ಲಿ ಹೆಚ್ಚು ಸಲ ಬಂದ ಹೊಸ ಪದವನ್ನು ನಿಘಂಟಿಗೆ ಸೇರಿಸಿಕೊಂಡು ಮುಂದಿನ ಕಡತವನ್ನು ನೋಡಬೇಕು ಎಂಬ ನಿಯಮ ಪ್ರೋಗ್ರಾಂನಲ್ಲಿದ್ದರೆ, ಅವಲಂಬನೆ ನಿಜವಾದದ್ದು. ಅದನ್ನು ಕಡಿದರೆ ಉತ್ತರ ಬದಲಾಗುತ್ತದೆ. ಅಂಥ ಕಡೆ ಕಡತಗಳ ಮಟ್ಟದಲ್ಲಿ ಹಂಚುವ ಯೋಚನೆ ಬಿಟ್ಟು, ಒಂದು ಕಡತದೊಳಗಿನ ಪದಗಳ ಮಟ್ಟದಲ್ಲಿ ಹಂಚಲು ಬರುತ್ತದೆಯೇ ಎಂದು ನೋಡಬೇಕು.

ಮೂರನೆಯದಾಗಿ, ‘ಕೂಡಿಕೆ’ಯ ಗುಣವನ್ನು ಪರೀಕ್ಷಿಸಬೇಕು. ಮೊದಲ ಎರಡನ್ನು ಸೇರಿಸಿ ಮೂರನೆಯದನ್ನು ಸೇರಿಸಿದರೂ, ಕೊನೆಯ ಎರಡನ್ನು ಸೇರಿಸಿ ಮೊದಲನೆಯದಕ್ಕೆ ಜೋಡಿಸಿದರೂ ಫಲಿತಾಂಶ ಒಂದೇ ಆಗಿದ್ದರೆ ಮಾತ್ರ, ಫಲಿತಾಂಶಗಳನ್ನು ತುಂಡು ತುಂಡಾಗಿ ಕೂಡಿಸಬಹುದು. ಪದಕ್ಕೆ ಎಣಿಕೆಯನ್ನು ಜೋಡಿಸಿದ ಕೋಷ್ಟಕಗಳನ್ನು (ಇವಕ್ಕೂ ಮ್ಯಾಪ್ ಎಂದೇ ಹೆಸರು), ಎಣಿಕೆಗಳನ್ನು ಕೂಡಿಸುತ್ತಾ ಒಂದುಗೂಡಿಸುವುದು ಈ ನಿಯಮವನ್ನು ಪಾಲಿಸುತ್ತದೆ. ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳ ಸಂಕಲನ ಪಾಲಿಸುವುದಿಲ್ಲ. ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗಬಹುದು. ಟೈಪ್ ಸಿಸ್ಟಂ ಆಗಲಿ, ರಿಟ್ರೈ ಆಗಲಿ ಇದನ್ನು ಗಮನಿಸುವುದಿಲ್ಲ, ಆದ್ದರಿಂದ ಕ್ವಿಕ್‌ಚೆಕ್‌ನಲ್ಲಿ ಈ ಗುಣಕ್ಕೆಂದೇ ಒಂದು ಸಾಲು ಬರೆಯಬೇಕು.

ನಾಲ್ಕನೆಯದು ನಿಘಂಟು. ಲೇಜಿ ಭಾಷೆಯಲ್ಲಿ ನಿಘಂಟಿನ ಸೆಟ್ ಮೊದಲ ಸಲ ಬೇಕಾದಾಗ ಮಾತ್ರ ಕಟ್ಟಲ್ಪಡುತ್ತದೆ. ಕೆಲಸ ಹಂಚಿದ ಕೂಡಲೇ ಎಲ್ಲ ಕೋರ್‌ಗಳೂ ಅದನ್ನೇ ಕೇಳುತ್ತವೆ: ಒಂದು ಕಟ್ಟುತ್ತಿರುವಾಗ ಉಳಿದವು ಕಾಯುತ್ತವೆ, ಇಲ್ಲವೇ ಕೆಲವೊಮ್ಮೆ ಅದೇ ಕೆಲಸವನ್ನು ಎರಡನೆಯ ಸಲ ಮಾಡುತ್ತವೆ. ಹಂಚುವ ಮೊದಲೇ ನಿಘಂಟನ್ನು ಪೂರ್ತಿಯಾಗಿ ಲೆಕ್ಕ ಹಾಕಿಸಿಟ್ಟರೆ ಈ ತೊಂದರೆ ಇಲ್ಲ. ಇಂತಹ ಹಂಚಿಕೊಂಡ ಲೆಕ್ಕಗಳು ಪ್ರೋಗ್ರಾಂನಲ್ಲಿ ಇನ್ನೂ ಇದ್ದರೆ, ಈಗರ್ ಬ್ಲ್ಯಾಕ್‌ಹೋಲಿಂಗ್ ಎಂಬ ಜಿಎಚ್‌ಸಿ ಆಯ್ಕೆಯೊಂದಿಗೆ ಕಂಪೈಲ್ ಮಾಡಿ ನೋಡುವುದು ಒಳ್ಳೆಯದು; ಒಂದೇ ಲೆಕ್ಕ ಎರಡು ಕಡೆ ನಡೆಯುವ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ.

ಇಷ್ಟಾದ ಮೇಲೆ ಮತ್ತೊಮ್ಮೆ ವೇಗ ಅಳೆಯಬೇಕು. ಪ್ರೋಗ್ರಾಂ ಇನ್ನೂ ಒಂದೇ ಕೋರ್‌ನಲ್ಲಿ ಓಡುತ್ತಿದೆ, ಆದರೂ ಸಮಯ ಮೊದಲಿಗಿಂತ ಸ್ವಲ್ಪ ಬದಲಾಗಿರಬಹುದು. ಮುಂದಿನ ಎಲ್ಲ ಹೋಲಿಕೆಗೂ ಈ ಹೊಸ ಸಂಖ್ಯೆಯೇ ಆಧಾರ.

ನಾಲ್ಕನೆಯ ಹಂತ: ಸ್ಟ್ರಾಟೆಜಿಯನ್ನು ಜೋಡಿಸುವುದು

ಪ್ಯಾರಲಲ್ ಪ್ಯಾಕೇಜಿನ ಸ್ಟ್ರಾಟೆಜಿಗಳ (ಲೆಕ್ಕವನ್ನು ಹೇಗೆ ನಡೆಸಬೇಕೆಂದು ಹೇಳುವ ಫಂಕ್ಷನ್‌ಗಳ) ಹಿಂದಿರುವ ವಿಚಾರವನ್ನು ಫಿಲ್ ಟ್ರಿಂಡರ್, ಕೆವಿನ್ ಹ್ಯಾಮಂಡ್, ಲೊಯ್ಡ್ಲ್ ಮತ್ತು ಸೈಮನ್ ಪೇಟನ್ ಜೋನ್ಸ್ 1998ರಲ್ಲಿ ಮಂಡಿಸಿದರು: ಏನನ್ನು ಲೆಕ್ಕ ಹಾಕಬೇಕು ಎಂಬುದನ್ನು ಒಂದು ಕಡೆ, ಹೇಗೆ ಹಂಚಿ ಲೆಕ್ಕ ಹಾಕಬೇಕು ಎಂಬುದನ್ನು ಇನ್ನೊಂದು ಕಡೆ ಬರೆಯಬೇಕು. 2010ರಲ್ಲಿ ಸೈಮನ್ ಮಾರ್ಲೋ ಮತ್ತು ಸಂಗಡಿಗರು ಇದನ್ನು ಹೊಸದಾಗಿ ರೂಪಿಸಿದರು, ಇಂದು ನಾವು ಬಳಸುವುದು ಆ ರೂಪವನ್ನೇ. ರಿಫ್ಯಾಕ್ಟರಿಂಗ್ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ, ಮ್ಯಾಪ್ ಇರುವ ಸಾಲನ್ನು ಮುಟ್ಟದೆ ಅದರ ಬಾಲಕ್ಕೆ ‘ಯೂಸಿಂಗ್’ ಎಂಬ ಆಪರೇಟರನ್ನೂ ಒಂದು ಸ್ಟ್ರಾಟೆಜಿಯನ್ನೂ ಅಂಟಿಸಿದರೆ ಕೆಲಸವಾಗುತ್ತದೆ. ಬೇಡವೆನಿಸಿದರೆ ಬಾಲವನ್ನು ಕತ್ತರಿಸಿದರೆ ಹಳೆಯ ಪ್ರೋಗ್ರಾಂ ಮರಳಿ ಬರುತ್ತದೆ.

ಬದಲಾವಣೆಯನ್ನು ರಿಟ್ರೈಗೆ ಒಂದು ಸಮೀಕರಣವಾಗಿ ಕೊಡಬಹುದು. ಎಡಬದಿಯಲ್ಲಿ ‘ಮ್ಯಾಪ್ ಪರಿಶೀಲನೆ’ ಎಂಬ ರೂಪ. ಬಲಬದಿಯಲ್ಲಿ ಅದೇ ರೂಪ, ಅದರ ಮುಂದೆ ಯೂಸಿಂಗ್, ಪಟ್ಟಿಯ ಅಂಶಗಳನ್ನು ಹಂಚುವ ಪಾರ್‌ಲಿಸ್ಟ್, ಆರ್‌ಡೀಪ್‌ಸೀಕ್. ಎಡಬದಿಯಲ್ಲಿ ಬರಿಯ ಮ್ಯಾಪ್ ಎಂದು ಬರೆಯಕೂಡದು. ಹಾಗೆ ಬರೆದರೆ ಪ್ರಾಜೆಕ್ಟ್‌ನಲ್ಲಿರುವ ಎಲ್ಲ ಮ್ಯಾಪ್‌ಗಳೂ, ಮೂರು ಅಂಶಗಳ ಪಟ್ಟಿಗಳ ಮೇಲಿನವೂ ಸೇರಿ, ಸಮಾಂತರವಾಗಿಬಿಡುತ್ತವೆ. ಉಪಕರಣ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಹೇಳುವವರೇ ಎಚ್ಚರದಿಂದಿರಬೇಕು.

ಆರ್‌ಡೀಪ್‌ಸೀಕ್ ಏಕೆ ಎಂಬುದಕ್ಕೆ ಉತ್ತರ ಲೇಜಿ ಇವ್ಯಾಲ್ಯುಯೇಶನ್‌ನಲ್ಲಿದೆ. ಆರ್‌ಸೀಕ್ ಎಂಬ ಸ್ಟ್ರಾಟೆಜಿ ಮೌಲ್ಯದ ಹೊರಪದರವನ್ನು ಮಾತ್ರ ಲೆಕ್ಕ ಹಾಕಿಸುತ್ತದೆ. ಪರಿಶೀಲನೆಯ ಫಲಿತಾಂಶ ಒಂದು ಜೋಡಿಯಾಗಿದ್ದರೆ, ‘ಇದೊಂದು ಜೋಡಿ’ ಎಂದು ತಿಳಿಯುವಷ್ಟು ಕೆಲಸ ಇನ್ನೊಂದು ಕೋರ್‌ನಲ್ಲಿ ನಡೆದು, ಒಳಗಿನ ಭಾರವಾದ ಲೆಕ್ಕವೆಲ್ಲ ಕೊನೆಯಲ್ಲಿ ವರದಿ ಬರೆಯುವಾಗ ಮುಖ್ಯ ಥ್ರೆಡ್‌ನ ಹೆಗಲಿಗೇ ಬೀಳುತ್ತದೆ. ಸಮಾಂತರಗೊಳಿಸಿದರೂ ವೇಗ ಸ್ವಲ್ಪವೂ ಹೆಚ್ಚಲಿಲ್ಲ ಎಂಬ ದೂರುಗಳ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ. ಆರ್‌ಡೀಪ್‌ಸೀಕ್ ಮೌಲ್ಯವನ್ನು ತಳದವರೆಗೂ ಲೆಕ್ಕ ಹಾಕಿಸುತ್ತದೆ. ಅದಕ್ಕಾಗಿ ನಿಮ್ಮ ಡೇಟಾ ಟೈಪ್‌ಗೆ ಎನ್‌ಎಫ್‌ಡೇಟಾ ಇನ್‌ಸ್ಟನ್ಸ್ ಬೇಕು, ಅದನ್ನು ಜನರಿಕ್ ಮೂಲಕ ಕಂಪೈಲರ್‌ನಿಂದಲೇ ಪಡೆಯಬಹುದು. ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು: ಹಳೆಯ ಪ್ರೋಗ್ರಾಂ ಎಂದೂ ಮುಟ್ಟದಿದ್ದ ಭಾಗವೊಂದು ಅನಂತ ಪಟ್ಟಿಯೋ ದೋಷದ ಕರೆಯೋ ಆಗಿದ್ದರೆ, ಹೊಸ ಪ್ರೋಗ್ರಾಂ ಅದನ್ನು ಮುಟ್ಟಿ ನಿಂತುಬಿಡುತ್ತದೆ. ಸ್ಟ್ರಾಟೆಜಿ ಅಂಟಿಸುವುದರಿಂದ ಅರ್ಥ ಬದಲಾಗುವುದಿಲ್ಲ ಎಂಬ ಮಾತಿಗೆ ಇರುವ ಅಪವಾದ ಇದು.

ಕಂಪೈಲ್ ಮಾಡುವಾಗ ಥ್ರೆಡೆಡ್ ಮತ್ತು ಆರ್‌ಟಿಎಸ್‌ಆಪ್ಟ್ಸ್ ಎಂಬ ಆಯ್ಕೆಗಳನ್ನು ಕೊಡಬೇಕು. ಥ್ರೆಡೆಡ್ ಇಲ್ಲದಿದ್ದರೆ ಸ್ಟ್ರಾಟೆಜಿಗಳಿದ್ದರೂ ಪ್ರೋಗ್ರಾಂ ಒಂದೇ ಕೋರ್‌ನಲ್ಲಿ ಓಡುತ್ತದೆ. ಓಡಿಸುವಾಗ ರನ್‌ಟೈಮ್ ಆಯ್ಕೆಗಳಲ್ಲಿ ದೊಡ್ಡಕ್ಷರದ ಎನ್‌ಗೆ ಅಂಟಿಕೊಂಡಂತೆ ಕೋರ್‌ಗಳ ಸಂಖ್ಯೆಯನ್ನು ಬರೆಯಬೇಕು. ಸಂಖ್ಯೆ ಬರೆಯದಿದ್ದರೆ ಯಂತ್ರದಲ್ಲಿ ಕಾಣುವ ಎಲ್ಲ ಪ್ರೊಸೆಸರ್‌ಗಳನ್ನೂ ಅದು ಬಳಸಿಕೊಳ್ಳುತ್ತದೆ; ಹೈಪರ್‌ಥ್ರೆಡಿಂಗ್ ಇರುವ ಯಂತ್ರದಲ್ಲಿ ಇದು ನಿಜವಾದ ಕೋರ್‌ಗಳ ಇಮ್ಮಡಿಯಾಗಿರಬಹುದು. ಆದ್ದರಿಂದ 1, 2, 4 ಎಂದು ಏರಿಸುತ್ತಾ ಪ್ರತಿ ಸಂಖ್ಯೆಗೂ ಸಮಯ ಬರೆದುಕೊಳ್ಳುವುದು ಸರಿಯಾದ ಕ್ರಮ. ವೇಗವೃದ್ಧಿಯನ್ನು ಲೆಕ್ಕ ಹಾಕುವಾಗ ಥ್ರೆಡೆಡ್ ಆವೃತ್ತಿಯ ಒಂದು ಕೋರಿನ ಸಮಯದೊಂದಿಗೆ ಹೋಲಿಸದೆ, ಮೂರನೆಯ ಹಂತದ ಕೊನೆಯಲ್ಲಿ ಅಳೆದ ಸಮಯದೊಂದಿಗೆ ಹೋಲಿಸಬೇಕು. ಮೊದಲನೆಯ ವಿಧದ ಹೋಲಿಕೆ ಸಾಮಾನ್ಯವಾಗಿ ಹೆಚ್ಚು ಚೆಂದದ ಸಂಖ್ಯೆಯನ್ನು ಕೊಡುತ್ತದೆ, ಆದ್ದರಿಂದಲೇ ಅದನ್ನು ನಂಬಬಾರದು.

ಐದನೆಯ ಹಂತ: ತುಂಡಿನ ಗಾತ್ರ

ಪಾರ್‌ಲಿಸ್ಟ್ ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಸ್ಪಾರ್ಕ್ ಹುಟ್ಟಿಸುತ್ತದೆ. ಸ್ಪಾರ್ಕ್ ಎಂದರೆ ‘ಬಿಡುವಿರುವ ಕೋರ್ ಯಾವುದಾದರೂ ಇದನ್ನು ಲೆಕ್ಕ ಹಾಕಬಹುದು’ ಎಂಬ ಸೂಚನೆ ಮಾತ್ರ; ಅದು ಥ್ರೆಡ್ ಅಲ್ಲ, ಬಹಳ ಅಗ್ಗ. ಬಿಡುವಾದ ಕೋರ್ ಇನ್ನೊಂದರ ಸಂಗ್ರಹದಿಂದ ಸ್ಪಾರ್ಕ್‌ಗಳನ್ನು ಎತ್ತಿಕೊಳ್ಳುತ್ತದೆ. ಅಗ್ಗವಾದರೂ ಉಚಿತವಲ್ಲ, ಅಲ್ಲದೆ ಪ್ರತಿ ಕೋರ್‌ನ ಸಂಗ್ರಹದಲ್ಲಿ ಸಾಮಾನ್ಯವಾಗಿ 4096 ಸ್ಪಾರ್ಕ್‌ಗಳಿಗೆ ಮಾತ್ರ ಜಾಗವಿರುತ್ತದೆ.

ಚಿಕ್ಕಕ್ಷರದ ಎಸ್ ಎಂಬ ರನ್‌ಟೈಮ್ ಆಯ್ಕೆಯೊಂದಿಗೆ ಓಡಿಸಿದರೆ ಕೊನೆಯಲ್ಲಿ ಸ್ಪಾರ್ಕ್‌ಗಳ ಲೆಕ್ಕ ಸಿಗುತ್ತದೆ. ಈ ಒಂದು ಸಾಲನ್ನು ಓದಲು ಕಲಿಯುವುದು ಉಳಿದ ಎಷ್ಟೋ ಕಲಿಕೆಗಿಂತ ಹೆಚ್ಚು ಉಪಯುಕ್ತ. ‘ಕನ್ವರ್ಟೆಡ್’ ಎಂದರೆ ನಿಜವಾಗಿ ಸಮಾಂತರ ಕೆಲಸವಾಗಿ ಓಡಿದವು. ‘ಓವರ್‌ಫ್ಲೋಡ್’ ಎಂದರೆ ಸಂಗ್ರಹ ತುಂಬಿದ್ದರಿಂದ ಬಿದ್ದುಹೋದವು. ಇದು ಹೆಚ್ಚಿದ್ದರೆ ತುಂಡುಗಳು ತೀರಾ ಚಿಕ್ಕವು. ‘ಡಡ್’ ಎಂದರೆ ಸ್ಪಾರ್ಕ್ ಹುಟ್ಟುವಾಗಲೇ ಮೌಲ್ಯ ಸಿದ್ಧವಿತ್ತು ಎಂದರ್ಥ, ಅಂದರೆ ತಪ್ಪು ಜಾಗದಲ್ಲಿ ಸ್ಟ್ರಾಟೆಜಿ ಹಾಕಲಾಗಿದೆ. ‘ಫಿಜಲ್ಡ್’ ಎಂದರೆ ಬೇರೆ ಕೋರ್ ಕೈಗೆತ್ತಿಕೊಳ್ಳುವ ಮೊದಲೇ ಮುಖ್ಯ ಥ್ರೆಡ್ ಆ ಲೆಕ್ಕವನ್ನು ಮುಗಿಸಿದೆ. ‘ಜಿಸಿಡ್’ ಎಂದರೆ ಆ ಮೌಲ್ಯ ಯಾರಿಗೂ ಬೇಕಾಗಿಲ್ಲವೆಂದು ಕಸದೊಂದಿಗೆ ಹೋಗಿದೆ. ಸ್ಪಾರ್ಕ್ ಮಾಡಿದ್ದು ಒಂದು ಪ್ರತಿಯನ್ನು, ಪ್ರೋಗ್ರಾಂ ಮುಂದೆ ಬಳಸಿದ್ದು ಇನ್ನೊಂದನ್ನು ಎಂಬ ದೋಷವನ್ನು ಇದು ಹೆಚ್ಚಾಗಿ ತೋರಿಸುತ್ತದೆ.

ತುಂಡು ಚಿಕ್ಕದಾದಾಗ ಬಳಸಬೇಕಾದದ್ದು ಪಾರ್‌ಲಿಸ್ಟ್‌ಚಂಕ್. ಅದು ಪಟ್ಟಿಯನ್ನು ನೀವು ಹೇಳಿದ ಗಾತ್ರದ ತುಂಡುಗಳಾಗಿ ಕತ್ತರಿಸಿ ತುಂಡಿಗೊಂದು ಸ್ಪಾರ್ಕ್ ಹುಟ್ಟಿಸುತ್ತದೆ. ಪಟ್ಟಿ ಬಹಳ ಉದ್ದವಾಗಿ, ಹರಿದು ಬರುತ್ತಿರುವಂಥದ್ದಾದರೆ ಪಾರ್‌ಬಫರ್ ಹೆಚ್ಚು ಸೂಕ್ತ, ಏಕೆಂದರೆ ಅದು ನಿಗದಿತ ಸಂಖ್ಯೆಯ ಅಂಶಗಳನ್ನು ಮಾತ್ರ ಮುಂಚಿತವಾಗಿ ಲೆಕ್ಕಕ್ಕೆ ಕಳಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು. ಫೋಲ್ಡರ್‌ನಲ್ಲಿ ಎಂಟು ಪುಟಗಳ ಕಿರುಹೊತ್ತಗೆಗಳ ನಡುವೆ ಸಾವಿರ ಪುಟಗಳ ಒಂದು ಗ್ರಂಥವಿದೆ, ಅದೂ ಪಟ್ಟಿಯ ಕೊನೆಯಲ್ಲಿ. ಉಳಿದ ಕೋರ್‌ಗಳೆಲ್ಲ ಕೆಲಸ ಮುಗಿಸಿ ಸುಮ್ಮನಿರುವಾಗ ಒಂದು ಕೋರ್ ಮಾತ್ರ ಆ ಗ್ರಂಥದೊಂದಿಗೆ ಹೆಣಗುತ್ತದೆ. ಸುಲಭದ ಪರಿಹಾರ, ಪಠ್ಯಗಳನ್ನು ಗಾತ್ರದ ಇಳಿಕೆಯ ಕ್ರಮದಲ್ಲಿ ಜೋಡಿಸಿ ದೊಡ್ಡದನ್ನು ಮೊದಲು ಕೊಡುವುದು. ಎಣಿಕೆಗಳ ಕೂಡಿಕೆಗೆ ಕ್ರಮ ಮುಖ್ಯವಲ್ಲವಾದ್ದರಿಂದ ವರದಿ ಬದಲಾಗದು. ಆದರೆ ಒಂದು ಗ್ರಂಥವೇ ಒಟ್ಟು ಕೆಲಸದ ಅರ್ಧದಷ್ಟಿದ್ದರೆ ಇದೂ ಸಾಲದು. ಆಗ ಮತ್ತೆ ಮೂರನೆಯ ಹಂತಕ್ಕೆ ಮರಳಿ, ಪಠ್ಯಗಳ ಪಟ್ಟಿಯ ಬದಲು ಎಲ್ಲ ಪಠ್ಯಗಳ ಪ್ಯಾರಾಗಳನ್ನು ಒಂದೇ ಪಟ್ಟಿಯಾಗಿ ಹರಡಿ, ಅದರ ಮೇಲೆ ಪಾರ್‌ಲಿಸ್ಟ್‌ಚಂಕ್ ಬಳಸಬೇಕು. ಪದವೊಂದು ಎರಡು ಪ್ಯಾರಾಗಳ ನಡುವೆ ಸೀಳಿಹೋಗುವುದಿಲ್ಲವಾದ್ದರಿಂದ ಇಲ್ಲಿ ಇದು ಸುರಕ್ಷಿತ. ಬರಿಯ ಬೈಟ್‌ಗಳ ಲೆಕ್ಕದಲ್ಲಿ ಕತ್ತರಿಸಿದ್ದರೆ ಪದವಿರಲಿ, ಒಂದು ಕನ್ನಡ ಅಕ್ಷರವೇ ಎರಡು ತುಂಡಾಗುತ್ತಿತ್ತು.

ಗಾತ್ರಕ್ಕೆ ಸೂತ್ರವಿಲ್ಲ. ಕೋರ್‌ಗಳ ಸಂಖ್ಯೆಯ ಹತ್ತಿಪ್ಪತ್ತು ಪಟ್ಟು ತುಂಡುಗಳು ಬರುವಂತೆ ಆರಂಭಿಸಿ, ಗಾತ್ರವನ್ನು ಇಮ್ಮಡಿ ಮತ್ತು ಅರ್ಧ ಮಾಡಿ ನೋಡುವುದು ನಾನು ಅನುಸರಿಸುವ ಕ್ರಮ.

ಆರನೆಯ ಹಂತ: ಥ್ರೆಡ್‌ಸ್ಕೋಪ್‌ನಲ್ಲಿ ನೋಡುವುದು

ಈವೆಂಟ್‌ಲಾಗ್ ಬರೆಸುವ ಆಯ್ಕೆಯೊಂದಿಗೆ ಪ್ರೋಗ್ರಾಂ ಓಡಿಸಿದರೆ ಸಿಗುವ ಕಡತವನ್ನು ಥ್ರೆಡ್‌ಸ್ಕೋಪ್‌ನಲ್ಲಿ ತೆರೆಯಬೇಕು. ಕೋರ್‌ಗೊಂದು ಪಟ್ಟೆ, ಹಸಿರು ಎಂದರೆ ಪ್ರೋಗ್ರಾಂ ಓಡುತ್ತಿದೆ, ಕಿತ್ತಳೆ ಎಂದರೆ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿಯನ್ನು ಬಿಡಿಸಿಕೊಳ್ಳುವ ಕೆಲಸ), ಖಾಲಿ ಎಂದರೆ ಕೋರ್ ಸುಮ್ಮನಿದೆ. ಆರಂಭದಲ್ಲಿ ಒಂದೇ ಪಟ್ಟೆ ಹಸಿರಾಗಿದ್ದರೆ ಅದು ಕಡತ ಓದುವ ಮತ್ತು ನಿಘಂಟು ಕಟ್ಟುವ ಭಾಗ. ಕೊನೆಯಲ್ಲಿ ಒಂದೇ ಪಟ್ಟೆ ಉದ್ದಕ್ಕೆ ಹಸಿರಾಗಿ ಚಾಚಿದ್ದರೆ ಅದು ಮೇಲೆ ಹೇಳಿದ ಗ್ರಂಥ, ಇಲ್ಲವೇ ಆರ್‌ಸೀಕ್‌ನ ತಪ್ಪು.

ಎಲ್ಲ ಪಟ್ಟೆಗಳಲ್ಲೂ ಕಿತ್ತಳೆ ಗೆರೆಗಳು ಒತ್ತೊತ್ತಾಗಿದ್ದರೆ ತೊಂದರೆ ಹಂಚಿಕೆಯದಲ್ಲ. ಜಿಎಚ್‌ಸಿಯಲ್ಲಿ ಗಾರ್ಬೇಜ್ ಕಲೆಕ್ಷನ್ ನಡೆಯುವಾಗ ಎಲ್ಲ ಕೋರ್‌ಗಳೂ ಒಟ್ಟಿಗೆ ನಿಲ್ಲಬೇಕಾಗುತ್ತದೆ. ದೊಡ್ಡಕ್ಷರದ ಎ ಎಂಬ ರನ್‌ಟೈಮ್ ಆಯ್ಕೆಯಿಂದ ಪ್ರತಿ ಕೋರ್‌ನ ಅಲೊಕೇಶನ್ ಪ್ರದೇಶವನ್ನು ಹಿಗ್ಗಿಸಿದರೆ ಈ ನಿಲುಗಡೆಗಳ ಸಂಖ್ಯೆ ಇಳಿಯುತ್ತದೆ; ಜಿಎಚ್‌ಸಿ 9.2ರಿಂದ ಅದರ ಸಹಜ ಗಾತ್ರ 4 ಎಂಬಿ, ಅದನ್ನು 64 ಎಂಬಿಗೆ ಏರಿಸಿ ನೋಡಬಹುದು. ಕೋಡ್‌ನ ಒಂದು ಅಕ್ಷರವನ್ನೂ ಮುಟ್ಟದೆ ಸಿಗುವ ಲಾಭ ಇದು.

ಎರ್ಲಾಂಗ್‌ನಲ್ಲಿ: ರ‍್ಯಾಂಗ್ಲರ್ ಮತ್ತು ಸ್ಕೆಲ್

ಸಮಾಂತರಕ್ಕೆಂದೇ ರಿಫ್ಯಾಕ್ಟರಿಂಗ್ ಉಪಕರಣ ಹೆಚ್ಚು ಪೂರ್ಣವಾಗಿ ಬೆಳೆದದ್ದು ಎರ್ಲಾಂಗ್‌ನಲ್ಲಿ. ಎರ್ಲಾಂಗ್‌ನ ವರ್ಚುವಲ್ ಮೆಷಿನ್ 2006ರಿಂದಲೇ ಹಲವು ಕೋರ್‌ಗಳನ್ನು ಬಳಸಬಲ್ಲದು. ಕೆಂಟ್‌ನಲ್ಲಿ ಹುಯಿಚಿಂಗ್ ಲೀ ಮತ್ತು ಸೈಮನ್ ಥಾಂಪ್ಸನ್ ಕಟ್ಟಿದ ರ‍್ಯಾಂಗ್ಲರ್, ಈಮ್ಯಾಕ್ಸ್ ಎಂಬ ಎಡಿಟರ್‌ನೊಳಗಿಂದ ಹೆಸರು ಬದಲಿಸುವುದು, ಫಂಕ್ಷನ್ ಬೇರ್ಪಡಿಸುವುದು, ನಕಲಾದ ಕೋಡನ್ನು ಹುಡುಕುವುದು ಮುಂತಾದ ಕೆಲಸಗಳನ್ನು ಮಾಡುತ್ತದೆ. ಬಳಕೆದಾರರು ತಮ್ಮದೇ ರಿಫ್ಯಾಕ್ಟರಿಂಗ್ ಬರೆದು ಸೇರಿಸಲು ಅವಕಾಶವಿದೆ. 2011ರಲ್ಲಿ ಆರಂಭವಾದ, ಯುರೋಪಿಯನ್ ಒಕ್ಕೂಟದ ನೆರವಿನ ಪ್ಯಾರಾಫ್ರೇಸ್ ಯೋಜನೆಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ತಂಡವು ಈ ಅವಕಾಶವನ್ನು ಬಳಸಿಕೊಂಡು, ಸ್ಕೆಲ್ ಎಂಬ ಲೈಬ್ರರಿಯ ಸ್ಕೆಲಿಟನ್‌ಗಳನ್ನು ಕೋಡ್‌ಗೆ ತರುವ ರಿಫ್ಯಾಕ್ಟರಿಂಗ್‌ಗಳನ್ನು ರೂಪಿಸಿತು. ಸ್ಕೆಲಿಟನ್ ಎಂದರೆ ಸಮಾಂತರ ಲೆಕ್ಕದ ಸಿದ್ಧ ಚೌಕಟ್ಟು. ಮರ್ರೆ ಕೋಲ್ 1980ರ ದಶಕದ ಕೊನೆಯಲ್ಲಿ ಎಡಿನ್‌ಬರೊದಲ್ಲಿ ಮುಂದಿಟ್ಟ ಕಲ್ಪನೆ ಇದು.

ಬಳಸುವ ಕ್ರಮ ಹ್ಯಾಸ್ಕೆಲ್‌ನದಕ್ಕೆ ಹತ್ತಿರವೇ ಇದೆ. ಲಿಸ್ಟ್ ಕಾಂಪ್ರಿಹೆನ್ಶನ್ ಒಂದನ್ನು ಗುರುತಿಸಿ, ಅದರ ಒಳಗಿನ ಕೆಲಸವನ್ನು ಫಂಕ್ಷನ್ ಆಗಿ ಬೇರ್ಪಡಿಸಿ, ಬಳಿಕ ಫಾರ್ಮ್ ಎಂಬ, ಒಂದೇ ಕೆಲಸವನ್ನು ಹಲವು ವರ್ಕರ್‌ಗಳಿಗೆ ಹಂಚುವ ಸ್ಕೆಲಿಟನ್ ಅನ್ನು ಪರಿಚಯಿಸುವ ರಿಫ್ಯಾಕ್ಟರಿಂಗ್ ಆಯ್ದು, ಎಷ್ಟು ವರ್ಕರ್‌ಗಳು ಬೇಕು ಎಂದು ಹೇಳಬೇಕು. ಒಂದರ ಫಲಿತಾಂಶವನ್ನು ಇನ್ನೊಂದು ಬಳಸುವ ಹಂತಗಳಿದ್ದರೆ ಪೈಪ್ ಸ್ಕೆಲಿಟನ್ ಸೂಕ್ತ. ಫಾರ್ಮ್ ಫಲಿತಾಂಶಗಳನ್ನು ಮುಗಿದ ಕ್ರಮದಲ್ಲಿ ಕೊಡುತ್ತದೆ. ಮೂಲ ಕ್ರಮವೇ ಬೇಕಿದ್ದರೆ ಅದನ್ನು ಆರ್ಡ್ ಎಂಬ ಸ್ಕೆಲಿಟನ್‌ನೊಳಗೆ ಇಡಬೇಕು.

ಎರಡು ವ್ಯತ್ಯಾಸಗಳನ್ನು ಮರೆಯಬಾರದು. ಎರ್ಲಾಂಗ್ ಫಂಕ್ಷನ್ ಶುದ್ಧವಾಗಿರಲೇಬೇಕೆಂದಿಲ್ಲ: ಅದು ಸಂದೇಶ ಕಳಿಸಬಹುದು, ಮೆಮೊರಿಯಲ್ಲಿರುವ ಇಟಿಎಸ್ ಕೋಷ್ಟಕಕ್ಕೆ ಬರೆಯಬಹುದು, ಪ್ರತಿ ಪ್ರೊಸೆಸ್‌ನ ಸ್ವಂತ ಸಂಗ್ರಹವಾದ ಪ್ರೊಸೆಸ್ ಡಿಕ್ಷನರಿಯನ್ನು ನೋಡಬಹುದು. ಬೇರೆ ಪ್ರೊಸೆಸ್‌ಗೆ ಹೋದಾಗ ಪ್ರೊಸೆಸ್ ಡಿಕ್ಷನರಿ ಖಾಲಿಯಾಗಿರುತ್ತದೆ, ಟೈಪ್‌ಗಳು ಇದನ್ನು ಹೇಳುವುದಿಲ್ಲ. ಬುಡಾಪೆಸ್ಟ್‌ನ ಎಲ್ಟೆ ವಿಶ್ವವಿದ್ಯಾಲಯದ ರಿಫ್ಯಾಕ್ಟರ್‌ಎರ್ಲ್ ಎಂಬ ಉಪಕರಣ ಕೋಡನ್ನು ಓಡಿಸದೆಯೇ ವಿಶ್ಲೇಷಿಸಿ ಇಂತಹ ಅಡ್ಡಪರಿಣಾಮಗಳನ್ನು ಹುಡುಕಲು ನೆರವಾಗುತ್ತದೆ, ಆದರೂ ಕೊನೆಯ ಪರಿಶೀಲನೆ ಮನುಷ್ಯರದೇ. ಇನ್ನೊಂದು, ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಹೋಗುವ ಮಾಹಿತಿ ನಕಲಾಗುತ್ತದೆ. ನಮ್ಮ ನಿಘಂಟನ್ನು ಫಂಕ್ಷನ್‌ನೊಳಗೆ ಸೇರಿಸಿ ಪ್ರತಿ ವರ್ಕರ್‌ಗೂ ಕಳಿಸಿದರೆ ಅಷ್ಟೂ ಸಲ ಅದು ನಕಲಾಗುತ್ತದೆ; 64 ಬೈಟ್‌ಗಿಂತ ದೊಡ್ಡ ಬೈನರಿಗಳು (ಬೈಟ್‌ಗಳ ಸಾಲುಗಳು) ನಕಲಾಗದೆ ಹಂಚಿಕೆಯಾಗುತ್ತವೆ. ಆದ್ದರಿಂದ ಪಠ್ಯಗಳನ್ನು ಅಕ್ಷರಗಳ ಲಿಸ್ಟ್ ಆಗಿ ಇಡದೆ ಬೈನರಿಯಾಗಿ ಇಟ್ಟುಕೊಳ್ಳುವ ರಿಫ್ಯಾಕ್ಟರಿಂಗ್, ಫಾರ್ಮ್ ಸೇರಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಒಪ್ಪಿಸುವ ಮೊದಲು

ಹ್ಯಾಸ್ಕೆಲ್ ಪ್ರೋಗ್ರಾಂಗೆ ಮರಳಿದರೆ, ಸ್ಟ್ರಾಟೆಜಿಯನ್ನು ಮುಖ್ಯ ಫಂಕ್ಷನ್‌ನ ಒಳಗೆ ಬರೆದು ಗಟ್ಟಿಮಾಡದೆ ಅದನ್ನೊಂದು ಆರ್ಗ್ಯುಮೆಂಟ್ ಆಗಿ ಹೊರಗಿನಿಂದ ಕೊಡುವ ಏರ್ಪಾಡು ಮಾಡಿಕೊಳ್ಳುವುದು ಉತ್ತಮ. ಆಗ ಏನನ್ನೂ ಮಾಡದ ಆರ್0 ಎಂಬ ಸ್ಟ್ರಾಟೆಜಿಯನ್ನು ಕೊಟ್ಟರೆ ಅದೇ ಕೋಡ್ ಅನುಕ್ರಮವಾಗಿ ಓಡುತ್ತದೆ, ದೋಷ ಹುಡುಕುವಾಗ ಇದು ಬಹಳ ಅನುಕೂಲ. ತುಂಡಿನ ಗಾತ್ರವನ್ನೂ ಕೋರ್‌ಗಳ ಸಂಖ್ಯೆಯನ್ನೂ ಕಾನ್ಫಿಗರೇಶನ್‌ಗೆ ಬಿಡಬೇಕು, ಏಕೆಂದರೆ ಲ್ಯಾಪ್‌ಟಾಪ್‌ನಲ್ಲಿ ಸರಿಹೊಂದಿದ ಗಾತ್ರ 32 ಕೋರ್‌ಗಳ ಸರ್ವರ್‌ನಲ್ಲಿ ಸರಿಹೊಂದದೆ ಹೋಗಬಹುದು, ಹಲವರು ಹಂಚಿಕೊಂಡ ಸರ್ವರ್‌ನಲ್ಲಿ ಎಲ್ಲ ಕೋರ್‌ಗಳನ್ನೂ ಕಬಳಿಸುವ ಪ್ರೋಗ್ರಾಂ ಯಾರಿಗೂ ಬೇಡ. ಹಳೆಯ ಫಂಕ್ಷನನ್ನು ಇಟ್ಟುಕೊಂಡ ಮಾಡ್ಯೂಲ್ ಪರೀಕ್ಷೆಗಳ ಫೋಲ್ಡರ್‌ನಲ್ಲಿಯೇ ಉಳಿಯಲಿ. ಸಿಐಯಲ್ಲಿ (ಪ್ರತಿ ಬದಲಾವಣೆಗೂ ಪರೀಕ್ಷೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಕ್ವಿಕ್‌ಚೆಕ್ ಒಮ್ಮೆ ಒಂದು ಕೋರ್‌ನೊಂದಿಗೆ, ಮತ್ತೊಮ್ಮೆ ನಾಲ್ಕು ಕೋರ್‌ಗಳೊಂದಿಗೆ ಓಡುವಂತೆ ಹೊಂದಿಸಿದರೆ, ಮುಂದೆ ‘ಕೂಡಿಕೆ’ಯನ್ನು ಯಾರಾದರೂ ಬದಲಿಸಿದಾಗ ವರದಿಯಲ್ಲಿ ವ್ಯತ್ಯಾಸ ಬಂದರೆ ಅದು ಅದೇ ದಿನ ಗೊತ್ತಾಗುತ್ತದೆ.